ಪದ ಪರಿಚಯ: ಎನ್‌ಪಿಒ (ಏಕಾದಶಿಯ ಉಪವಾಸ ಬೇರೆ)

ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನಮ್ಮ ಅತ್ತಿಯ ಪಿತ್ತಕೋಶದ ಕಲ್ಲಿನ ಆಪರೇಶನ್‌ಗೆ ದಿನ ಗೊತ್ತಾಗಿತ್ತು. ಹಿಂದಿನ ದಿನ ಸಿಸ್ಟರ್ ಹೇಳಿದ್ದು ಇಷ್ಟೇ: "ಅವ್ವಾರ, ನಾಳೆ ಉಪವಾಸ ಬರ್ರಿ." ಅತ್ತಿ ತಿಂಗಳ ಎರಡೂ ಏಕಾದಶಿ ಬಿಡದೆ ಮಾಡುವವಳು, ಆಷಾಢದಲ್ಲಿ ಪಂಢರಪುರಕ್ಕೆ ಹೋಗಿ ಬರುವವಳು. ಉಪವಾಸ ಹೇಗಿರಬೇಕೆಂದು ಆಕೆಗೆ ಯಾರೂ ಕಲಿಸಬೇಕಿರಲಿಲ್ಲ. ಮುಂಜಾನೆ ಏಳಕ್ಕೆ ಒಂದು ತಾಟು ಸಾಬೂದಾಣಿ ಖಿಚಡಿ, ಮೇಲೆ ಅರ್ಧ ಕಪ್ ಚಹಾ. ಹತ್ತಕ್ಕೆ ಥಿಯೇಟರಿನ ಬಾಗಿಲಲ್ಲಿ ಅರಿವಳಿಕೆ ಡಾಕ್ಟರ್ ಕೇಳಿದರು: "ಏನರ ತಿಂದೀರೇನ್ರಿ?"

"ಏನಿಲ್ರೀ, ಉಪವಾಸ ಅದೀನಿ. ಬರೇ ಸಾಬೂದಾಣಿ."

ಆಪರೇಶನ್ ಒಂದು ವಾರ ಮುಂದೆ ಹೋಯಿತು.

ಸಿಸ್ಟರ್ ತಪ್ಪು ಹೇಳಿರಲಿಲ್ಲ, ಅತ್ತಿಯೂ ಸುಳ್ಳು ಹೇಳಿರಲಿಲ್ಲ. ಕೇಸ್ ಪೇಪರಿನಲ್ಲಿದ್ದ ಮೂರಕ್ಷರ ಕನ್ನಡಕ್ಕೆ ಬರುವಾಗ ಬೇರೆಯೇ ಮಾತಾಗಿತ್ತು. ಆ ಮೂರಕ್ಷರ ಎನ್‌ಪಿಒ. ಲ್ಯಾಟಿನ್ನಿನ ‘ನಿಲ್ ಪೆರ್ ಓಸ್’ ಎಂಬುದರ ಮೊಟಕು ರೂಪ. ನಿಲ್ ಅಂದರೆ ಏನೂ ಇಲ್ಲ, ಪೆರ್ ಅಂದರೆ ಮೂಲಕ, ಓಸ್ ಅಂದರೆ ಬಾಯಿ. ಬಾಯಿಯ ಮೂಲಕ ಏನೂ ಒಳಗೆ ಹೋಗಕೂಡದು. ಕೆಲವು ವಾರ್ಡುಗಳಲ್ಲಿ ಇದನ್ನೇ ಎನ್‌ಬಿಎಂ, ಅಂದರೆ ‘ನಿಲ್ ಬೈ ಮೌತ್’ ಎಂದು ಬರೆದು ಕಾಟಿಗೆ ತೂಗುಹಾಕುತ್ತಾರೆ.

‘ಉಪವಾಸ’ ಎಂಬ ಪದದಲ್ಲಿ ಹೊಟ್ಟೆಯ ಸುದ್ದಿಯೇ ಇಲ್ಲ. ಉಪ ಎಂದರೆ ಹತ್ತಿರ, ವಾಸ ಎಂದರೆ ಇರುವುದು; ದೇವರ ಹತ್ತಿರ ಇರುವುದೆಂದು ಹಿರಿಯರು ಬಿಡಿಸಿ ಹೇಳುತ್ತಾರೆ. ಆ ಹತ್ತಿರ ಇರುವ ರೀತಿ ಮನೆಯಿಂದ ಮನೆಗೆ ಬೇರೆ. ಏಕಾದಶಿಗೆ ಫರಾಳ ನಡೆಯುತ್ತದೆ: ಸಾಬೂದಾಣಿ, ಗೆಣಸು, ಶೇಂಗಾದ ಉಂಡಿ, ಬಾಳೆಹಣ್ಣು, ಹಾಲು. ‘ಏಕಾದಶಿ, ದುಪ್ಪಟ್ ಖಾಶಿ’ (ಏಕಾದಶಿಗೆ ಎರಡು ಪಟ್ಟು ತಿನ್ನೋದು) ಎಂಬ ಮರಾಠಿ ಚೇಷ್ಟೆಯ ಮಾತು ಗಡಿ ದಾಟಿ ನಮ್ಮ ಕಡೆಗೂ ಬಂದಿದ್ದು ಸುಮ್ಮನೆ ಅಲ್ಲ. ಸೋಮವಾರ ಒಪ್ಪತ್ತು ಮಾಡುವವರು ಒಂದು ಹೊತ್ತು ಹೊಟ್ಟೆತುಂಬ ಉಣ್ಣುತ್ತಾರೆ. ಬೆಳಗಾವಿ ಕಡೆಯ ಜೈನರ ಮನೆಗಳ ಉಪವಾಸ ಬಹಳ ಬಿಗಿ, ಆದರೂ ಕಾಯಿಸಿ ಆರಿಸಿದ ನೀರು ಕುಡಿಯಬಹುದು. ರೋಜಾದಲ್ಲಿ ಹನಿ ನೀರೂ ಇಲ್ಲ, ನೋಡಲಿಕ್ಕೆ ಎನ್‌ಪಿಒ ಹಾಗೆಯೇ ಇದೆ. ಆದರೆ ನಸುಕಿನ ನಾಲ್ಕೂವರೆಗೆ ಸಹರಿಯ ಗಟ್ಟಿ ಊಟ ಮುಗಿಸಿದವರನ್ನು ಒಂಬತ್ತಕ್ಕೆ ಥಿಯೇಟರಿಗೆ ಕರೆದರೆ ನಡುವೆ ಉಳಿದಿದ್ದು ನಾಲ್ಕೂವರೆ ತಾಸು ಮಾತ್ರ. ಹೀಗಾಗಿ ಎನ್‌ಪಿಒ ಅನ್ನು ‘ಉಪವಾಸ’ ಎಂದು ಹೇಳುವುದನ್ನೇ ಆಸ್ಪತ್ರೆಯವರು ಬಿಡಬೇಕು ಎನ್ನುವುದು ನನ್ನ ಮಾತು. ಯಾವ ಪದಾರ್ಥ, ಎಷ್ಟು ಗಂಟೆಯ ತನಕ, ಎರಡನ್ನೂ ಬಿಡಿಸಿ ಹೇಳಬೇಕು.

ಇಷ್ಟು ಕಟ್ಟುನಿಟ್ಟು ಯಾಕೆ? ಎಚ್ಚರ ಇದ್ದಾಗ ಅನ್ನದ ಅಗುಳು ತಪ್ಪಿ ಶ್ವಾಸನಾಳದ ಕಡೆ ಹೋದರೆ ನೆತ್ತಿಗೇರಿತು ಅನ್ನುತ್ತೇವೆ, ಕೆಮ್ಮಿ ಹೊರಹಾಕುತ್ತೇವೆ. ಪೂರ್ಣ ಅರಿವಳಿಕೆ ಕೊಟ್ಟಾಗ (ಮರಾಠಿ ಬಲ್ಲ ಮನೆಗಳಲ್ಲಿ ‘ಭೂಲ್ ಕೊಡೋದು’) ಆ ಕೆಮ್ಮೂ ಮಲಗಿಬಿಡುತ್ತದೆ. ಅನ್ನನಾಳದ ಕೆಳತುದಿಯ ಬಿಗಿಯೂ ಸಡಿಲಾಗುತ್ತದೆ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮೇಲಕ್ಕೆ ಬಂದು ಪುಪ್ಫುಸಕ್ಕೆ ಇಳಿಯಬಹುದು. ಗಟ್ಟಿ ತುಣುಕಾದರೆ ಉಸಿರುದಾರಿ ಕಟ್ಟುತ್ತದೆ, ಹುಳಿ ರಸವಾದರೆ ಪುಪ್ಫುಸವನ್ನು ಸುಡುತ್ತದೆ. ಅಮೆರಿಕದ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಇದನ್ನು ಲೆಕ್ಕ ಸಮೇತ ಬರೆದರು: 1932ರಿಂದ 1945ರವರೆಗಿನ 44,016 ಹೆರಿಗೆಗಳಲ್ಲಿ 66 ಮಂದಿಗೆ ಹೀಗಾಗಿತ್ತು. ಇಬ್ಬರು ಸತ್ತರು, ಇಬ್ಬರಿಗೂ ಉಸಿರುದಾರಿಗೆ ಹೋಗಿದ್ದು ಗಟ್ಟಿ ಆಹಾರ. ‘ಬೆನ್ನಿಗೆ ಇಂಜೆಕ್ಷನ್ ಅಷ್ಟೇ ಅಲ್ಲೇನ್ರಿ, ತಿಂದರ ಏನಾಗ್ತದ’ ಎಂದು ಕೇಳುವವರುಂಟು. ಆ ಇಂಜೆಕ್ಷನ್ ಸಾಲದೆ ನಡುವೆ ಪೂರ್ಣ ಅರಿವಳಿಕೆ ಕೊಡಬೇಕಾಗಿ ಬಂದರೆ? ಅದಕ್ಕೇ ಅವರಿಗೂ ಇದೇ ನೇಮ.

ಇನ್ನು ಗಂಟೆಗಳ ಲೆಕ್ಕ, ಅಂದರೆ ಅರಿವಳಿಕೆಗೆ ಎಷ್ಟು ತಾಸು ಮುಂಚೆ ಯಾವುದನ್ನು ನಿಲ್ಲಿಸಬೇಕು ಎಂಬುದು. ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲಿ ಹಾಕಿಕೊಟ್ಟ ಲೆಕ್ಕವೇ ಬಹಳ ಕಡೆ ನಡೆಯುತ್ತಿದೆ. ಎಣ್ಣೆಯಲ್ಲಿ ಕರಿದದ್ದು, ಮಾಂಸದ ಊಟ: 8 ತಾಸು. ಹಗುರ ತಿಂಡಿ, ಆಕಳ ಹಾಲು: 6 ತಾಸು. ಕೂಸಿಗೆ ತಾಯಿಹಾಲು: 4 ತಾಸು. ತಿಳಿಯಾದ ದ್ರವ: 2 ತಾಸು. ತಿಳಿ ಎಂದರೆ ಗಾಜಿನ ಲೋಟದಲ್ಲಿ ಹಾಕಿ ಹಿಡಿದರೆ ಆಚೆ ಬದಿಯ ಪೇಪರ್ ಓದಲಿಕ್ಕೆ ಬರಬೇಕು. ನೀರು ಪಾಸಾಗುತ್ತದೆ, ಹಾಲಿಲ್ಲದ ಚಹಾ ಪಾಸಾಗುತ್ತದೆ. ಮಜ್ಜಿಗೆ, ಜೋಳದ ಅಂಬಲಿ, ಗಂಜಿ ನಪಾಸು. ಹಾಲು ಹಾಕಿದ ಚಹಾವೂ ನಪಾಸು, ಏಕೆಂದರೆ ಹಾಲು ಹೊಟ್ಟೆಗೆ ಹೋದ ಮೇಲೆ ಒಡೆದು ಗಟ್ಟಿಯಾಗುತ್ತದೆ. ‘ಬರೇ ಚಹಾ’ ಎಂಬ ಉತ್ತರ ಥಿಯೇಟರಿನಲ್ಲಿ ನಡೆಯದಿರುವುದಕ್ಕೆ ಇದೇ ಕಾರಣ. ಬಹಳ ವರ್ಷದ ಸಕ್ಕರೆ ಕಾಯಿಲೆ ಇದ್ದವರಿಗೆ, ಗರ್ಭಿಣಿಯರಿಗೆ ಈ ಗಂಟೆಗಳು ಸಾಲದೇ ಹೋಗಬಹುದು. ಡಾಕ್ಟರ್ ಹೆಚ್ಚು ಹೇಳಿದರೆ ಅದೇ ಸರಿ.

ಇದರ ಇನ್ನೊಂದು ಮಗ್ಗುಲನ್ನು ಯಾರೂ ಎತ್ತುವುದಿಲ್ಲ. ‘ರಾತ್ರಿ ಹನ್ನೆರಡರ ಮೇಲೆ ಏನೂ ಬ್ಯಾಡ’ ಎಂದು ಇಡೀ ವಾರ್ಡಿಗೆ ಒಂದೇ ಮಾತು ಹೇಳಿ ಮುಗಿಸುವುದು ಸುಲಭ. ಆದರೆ ಲಿಸ್ಟಿನಲ್ಲಿ ಕೊನೆಯ ಹೆಸರಿದ್ದವರನ್ನು ಮಧ್ಯಾಹ್ನ ಮೂರಕ್ಕೆ ಒಳಗೆ ಒಯ್ಯುತ್ತಾರೆ. ಏಪ್ರಿಲ್ ತಿಂಗಳ ವಿಜಯಪುರದ ಬಿಸಿಲಿನಲ್ಲಿ ಹದಿನೈದು ತಾಸು ಹನಿ ನೀರಿಲ್ಲದೆ ಒಂದು ಮುದಿ ಜೀವ ಕೂತಿರುತ್ತದೆ. ತಲೆನೋವು, ಬಾಯಿ ಒಣಗುವುದು, ಬಿಪಿ ಇಳಿಯುವುದು. ಸಣ್ಣ ಕೂಸುಗಳ ಪಾಡು ಕೇಳುವುದೇ ಬೇಡ. ಅತಿ ಉಪವಾಸದಿಂದ ಹೊಟ್ಟೆ ಹೆಚ್ಚು ಖಾಲಿಯಾಗುತ್ತದೆ ಎಂದೇನಿಲ್ಲ, ನೀರು ಎರಡು ತಾಸಿನೊಳಗೇ ಮುಂದೆ ಸಾಗಿರುತ್ತದೆ. ಆದ್ದರಿಂದ ಹಿಂದಿನ ದಿನವೇ ಸಂಕೋಚ ಬಿಟ್ಟು ಕೇಳಬೇಕು: "ನನ್ನ ನಂಬರ್ ಎಷ್ಟನೇದ್ರಿ? ನೀರು ಎಷ್ಟು ಗಂಟೇತನಕ ಕುಡೀಬಹುದ್ರಿ?" ಹೇಳಿದ್ದನ್ನು ಚೀಟಿಯಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಗುಳಿಗೆಗಳ ಮಾತು ಬೇರೆ. ಬಿಪಿ ಗುಳಿಗೆಗಳಲ್ಲಿ ಹಲವನ್ನು ಒಂದು ಗುಟುಕು ನೀರಿನಲ್ಲಿ ನುಂಗಲಿಕ್ಕೆ ಹೇಳುತ್ತಾರೆ, ಸಕ್ಕರೆ ಗುಳಿಗೆಯನ್ನು ಆ ಮುಂಜಾನೆ ಸಾಮಾನ್ಯವಾಗಿ ಬಿಡಿಸುತ್ತಾರೆ, ರಕ್ತ ತೆಳು ಮಾಡುವ ಗುಳಿಗೆಯ ಬಗ್ಗೆ ದಿನಗಳ ಮುಂಚೆಯೇ ಕೇಳಬೇಕು. ಯಾವುದನ್ನೂ ನಾವೇ ತೀರ್ಮಾನಿಸುವಂತಿಲ್ಲ. ಎಲೆ ಅಡಿಕೆ, ತಂಬಾಕು, ಗುಟ್ಕಾ ‘ತಿನ್ನೋದು’ ಎಂದು ನಮ್ಮಲ್ಲಿ ಯಾರೂ ಲೆಕ್ಕ ಹಿಡಿಯುವುದಿಲ್ಲ, ಕೇಳಿದಾಗ ಹೇಳುವುದೂ ಇಲ್ಲ. ಅವೂ ಬಾಯಿಯ ಮೂಲಕವೇ ಹೋಗುತ್ತವೆ.

ಎರಡನೇ ಸಲ ಅತ್ತಿ ತಯಾರಾಗಿದ್ದಳು. ಗಂಟೆಗಳೆಲ್ಲ ಚೀಟಿಯಲ್ಲಿದ್ದವು. ಒಂದು ಸಂಶಯ ಮಾತ್ರ ಉಳಿದಿತ್ತು, ಸಿಸ್ಟರನ್ನು ನಿಲ್ಲಿಸಿ ಕೇಳಿದಳು: "ಮುಂಜಾನೆ ವಿಠ್ಠಲನ ತೀರ್ಥ ತಗೋಬಹುದೇನ್ರಿ?"

ಸಿಸ್ಟರ್ ಒಂದು ಕ್ಷಣ ಯೋಚಿಸಿದಳು. "ಬರೇ ನೀರಿನ ತೀರ್ಥ ಆದರ ಆರು ಗಂಟೆದೊಳಗ ಒಂದು ಚಮಚ ತಗೋರಿ. ಪಂಚಾಮೃತ ಬ್ಯಾಡ್ರಿ, ಅದರಾಗ ಹಾಲು ಇರ್ತದ."