ಕೆಲಸ ಬಿಡದೆ ಎಲ್‌ಎಲ್‌ಬಿ ಮಾಡಬಹುದಾ?

ಪ್ರಶ್ನೆ: ನನಗೆ 34 ವರ್ಷ. ಬಿ.ಕಾಂ ಆಗಿದೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಇಲ್ಲಿನ ಯಾವುದಾದರೂ ಖಾಸಗಿ ಲಾ ಕಾಲೇಜಿಗೆ ಸೇರಿ ಮೂರು ವರ್ಷದ ಎಲ್‌ಎಲ್‌ಬಿ ಮುಗಿಸಬೇಕೆಂಬ ಆಸೆ. ಆದರೆ ಕೆಲಸ ಬಿಡುವ ಹಾಗಿಲ್ಲ. ಸಂಜೆ ಕ್ಲಾಸ್ ಇರುವ ಕಾಲೇಜು ಇದೆಯೇ? 'ಸುಮ್ನೆ ಸೇರ್ಕೋ, ಅಟೆಂಡೆನ್ಸ್ ಅಡ್ಜಸ್ಟ್ ಮಾಡ್ತಾರೆ' ಅಂತ ಗೆಳೆಯರು ಹೇಳುತ್ತಾರೆ. ನಂಬಬಹುದೇ?

ಉತ್ತರ: ವಯಸ್ಸಿನ ಚಿಂತೆ ಬಿಡಿ. ಮೂರು ವರ್ಷದ ಕೋರ್ಸಿಗೆ ಸೇರುವವರಿಗೆ 30 ದಾಟಿರಬಾರದು ಎಂದು ವಕೀಲಿಕೆಗೂ ಕಾನೂನು ಶಿಕ್ಷಣಕ್ಕೂ ನಿಯಮ ರೂಪಿಸುವ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮ ಮಾಡಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಡಿಗ್ರಿಯಲ್ಲಿ 45% ಅಂಕ ಇದ್ದರೆ ಸಾಕು. ಪರಿಶಿಷ್ಟ ಜಾತಿ, ಪಂಗಡದವರಿಗೆ 40%.

ತೊಡಕು ಇರುವುದು ಗಡಿಯಾರದಲ್ಲಿ.

ಹಿಂದೆ ಬ್ಯಾಂಕಿನವರು, ಸರ್ಕಾರಿ ಗುಮಾಸ್ತರು ಆಫೀಸ್ ಮುಗಿಸಿ ಸಂಜೆ ಕಾಲೇಜಿಗೆ ಹೋಗಿ ವಕೀಲರಾದ ಕಾಲ ಇತ್ತು. ನಿಮ್ಮ ಗೆಳೆಯರ ಮನೆಯಲ್ಲೂ ಅಂಥ ಚಿಕ್ಕಪ್ಪನೋ ಮಾವನೋ ಇರಬಹುದು. ಸಲಹೆ ಬಂದಿರುವುದೂ ಬಹುಶಃ ಅಲ್ಲಿಂದಲೇ. ಈಗ ಆ ದಾರಿ ಮುಚ್ಚಿದೆ. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ತರಗತಿ ನಡೆಯಬೇಕಾದ್ದು ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ. ಲೈಬ್ರರಿ ಬೇಕಾದರೆ ರಾತ್ರಿ 10ರವರೆಗೆ ತೆರೆದಿರಬಹುದು. ದೂರಶಿಕ್ಷಣದಲ್ಲಿ ಪಡೆದ ಎಲ್‌ಎಲ್‌ಬಿಗೆ ವಕೀಲಿಕೆಯ ಸನ್ನದು ಸಿಗುವುದಿಲ್ಲ. ಯಾರಾದರೂ ಸಿಗುತ್ತದೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಬೆಳಿಗ್ಗೆ ಕ್ಲಾಸ್ ಮುಗಿಸಿ ಮಧ್ಯಾಹ್ನ ಆಫೀಸಿಗೆ ಹೋದರೆ? ಇದು ಆಗುವ ಮಾತು. ಆದರೆ ಲೆಕ್ಕ ಹಾಕಿ ನೋಡಬೇಕು, ಲೆಕ್ಕ ನಿಮ್ಮ ಕಸುಬೇ ಅಲ್ವಾ? ಒಂದು ಸೆಮಿಸ್ಟರ್ ಅಂದರೆ ಕನಿಷ್ಠ 15 ವಾರ. ವಾರಕ್ಕೆ ಕನಿಷ್ಠ 30 ಗಂಟೆ ತರಗತಿ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 5 ಗಂಟೆ. ಎಂಟಕ್ಕೆ ಕೂತರೆ ನಡುವೆ ಬಿಡುವೇ ಇಲ್ಲದೆ ಹೋದರೂ ಏಳುವುದು ಮಧ್ಯಾಹ್ನ ಒಂದಕ್ಕೆ. ಆಮೇಲೆ ಬೆಂಗಳೂರಿನ ಟ್ರಾಫಿಕ್. ಎರಡು, ಎರಡೂವರೆಗೆ ಶುರುವಾಗುವ ಶಿಫ್ಟ್ ಇದ್ದವರಿಗೆ ಇದು ಹೊಂದುತ್ತದೆ. ಒಂಬತ್ತೂವರೆ ಆಫೀಸಿನವರಿಗೆ ಹೊಂದುವುದಿಲ್ಲ.

'ಹಾಜರಾತಿ 70% ಸಾಕಲ್ಲ, ಉಳಿದ 30% ಆಫೀಸಿಗೆ' ಎಂದು ಹೊರಡುವವರು ಜಾಸ್ತಿ. ಅವರು ಎಡವುವುದು ಇಲ್ಲೇ. ಆ 70% ಒಟ್ಟು ಮೊತ್ತಕ್ಕಲ್ಲ, ಒಂದೊಂದು ವಿಷಯಕ್ಕೂ ಬೇಕು. ನೀವು ದಿನಾ ಹನ್ನೆರಡಕ್ಕೆ ಎದ್ದು ಆಫೀಸಿಗೆ ಓಡುತ್ತೀರಿ ಎಂದುಕೊಳ್ಳಿ. ಕೊನೆಯ ಪೀರಿಯಡ್ ದಿನವೂ ಕಾಂಟ್ರ್ಯಾಕ್ಟ್ ಕಾಯಿದೆಯದೇ ಆಗಿದ್ದರೆ, ಐದು ಗಂಟೆಯಲ್ಲಿ ನಾಲ್ಕು ಗಂಟೆ ಕೂತ ನಿಮ್ಮ ಒಟ್ಟು ಹಾಜರಾತಿ 80% ಇರುತ್ತದೆ, ಕಾಂಟ್ರ್ಯಾಕ್ಟ್‌ನಲ್ಲಿ ಸೊನ್ನೆ ಇರುತ್ತದೆ. ಒಟ್ಟು 70% ಇದ್ದು, ಒಂದು ವಿಷಯದಲ್ಲಿ ಮಾತ್ರ 65ಕ್ಕೆ ಇಳಿದಿದ್ದರೆ ಸರಿಯಾದ ಕಾರಣ ಕೊಟ್ಟು ಕೇಳಿಕೊಳ್ಳಲು ಅವಕಾಶವಿದೆ. ಅದಕ್ಕಿಂತ ಕೆಳಗಿಳಿದರೆ ನಿಯಮದಲ್ಲಿ ಜಾಗವಿಲ್ಲ.

ಇನ್ನು 'ಅಡ್ಜಸ್ಟ್' ವಿಚಾರ. ಹಾಗೆ ಮಾಡಿಕೊಡುವವರು ಎಲ್ಲೂ ಇಲ್ಲ ಎಂದು ನಾನು ಹೇಳಿದರೆ ನೀವು ನಗುತ್ತೀರಿ. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಬಾರ್ ಕೌನ್ಸಿಲ್ ಎಲ್ಲ ಲಾ ಕಾಲೇಜುಗಳಿಗೆ ಕಳಿಸಿದ ಸುತ್ತೋಲೆ ಓದಿ. ಬಯೋಮೆಟ್ರಿಕ್ ಹಾಜರಾತಿ ಇರಬೇಕು, ತರಗತಿಯಲ್ಲಿ ಸಿಸಿಟಿವಿ ಇರಬೇಕು. ಓದುವಾಗ ಕೆಲಸದಲ್ಲಿದ್ದರೆ ವಿದ್ಯಾರ್ಥಿ ಅದನ್ನು ಬರೆದುಕೊಡಬೇಕು, ಮಾಲೀಕರಿಂದ ನಿರಾಕ್ಷೇಪಣಾ ಪತ್ರ ತರಬೇಕು. ಕೆಲಸ ಮಾಡುತ್ತಾ ಓದುವುದು ಅಪರಾಧ ಎಂದು ಇದರರ್ಥವಲ್ಲ. ಮುಚ್ಚಿಡುವುದು ತಪ್ಪು. ಕಾಲೇಜಿನ ರಿಜಿಸ್ಟರ್‌ನಲ್ಲಿ ಹತ್ತು ಗಂಟೆಗೆ ಹಾಜರಿದ್ದ ನೀವು, ಆಫೀಸಿನ ಪಂಚಿಂಗ್‌ನಲ್ಲೂ ಅದೇ ಹತ್ತು ಗಂಟೆಗೆ ಹಾಜರಿದ್ದರೆ ಸಿಕ್ಕಿಬೀಳುವವರು ಯಾರು? ದುಡ್ಡು ತೆಗೆದುಕೊಂಡ ದಲ್ಲಾಳಿ ಅಲ್ಲ.

2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಹಾಜರಾತಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಲಾ ವಿದ್ಯಾರ್ಥಿಯನ್ನು ಪರೀಕ್ಷೆಯಿಂದ ಹೊರಗಿಡಬಾರದು ಎಂದು ಹೇಳಿತು. ನಿಯಮವನ್ನು ಮತ್ತೆ ಪರಿಶೀಲಿಸಿ ಎಂದು ಬಾರ್ ಕೌನ್ಸಿಲ್‌ಗೂ ಸೂಚಿಸಿತು. ವಾಟ್ಸ್‌ಆ್ಯಪ್‌ನಲ್ಲಿ ಇದು 'ಇನ್ನು ಕಾಲೇಜಿಗೆ ಹೋಗಬೇಕಿಲ್ಲ' ಎಂದಾಗಿ ಓಡಾಡಿತು. ಆ ತೀರ್ಪಿನ ಕಾಳಜಿ ಇದ್ದದ್ದು ವಿದ್ಯಾರ್ಥಿಗಳ ಮಾನಸಿಕ ಒತ್ತಡದ ಬಗ್ಗೆ. ಆಫೀಸಿಗೆ ಹೋಗುವವರಿಗೆ ಕೊಟ್ಟ ರಜೆ ಅದಲ್ಲ.

ತರಗತಿಯ ಲೆಕ್ಕ ಹೇಗೋ ಕೂಡಿಬಂತು ಅನ್ನೋಣ. ಪ್ರಾಸ್ಪೆಕ್ಟಸ್‌ನಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಇನ್ನೊಂದು ವಿಷಯವಿದೆ: ಪ್ರಾಯೋಗಿಕ ತರಬೇತಿ. ಮೂರು ವರ್ಷದ ಕೋರ್ಸಿನಲ್ಲಿ ಒಟ್ಟು 12 ವಾರ ಇಂಟರ್ನ್‌ಶಿಪ್ ಆಗಬೇಕು. ಒಂದು ವರ್ಷದಲ್ಲಿ ಸತತವಾಗಿ 4 ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಅಂದರೆ ಕೊನೆಗೆ ಮೂರು ತಿಂಗಳು ರಜೆ ಹಾಕಿ ಮುಗಿಸಿಬಿಡುತ್ತೇನೆ ಎನ್ನುವ ಹಾಗಿಲ್ಲ, ವರ್ಷಕ್ಕೊಂದು ತಿಂಗಳು ಎತ್ತಿಡಲೇಬೇಕು. ಜೊತೆಗೆ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಪತ್ರಿಕೆಯ 100 ಅಂಕಗಳಲ್ಲಿ 30 ಅಂಕ ಎರಡು ಕೇಸುಗಳ ವಿಚಾರಣೆ ನೋಡಿ ಬರೆಯುವುದಕ್ಕೆ. ಒಂದು ಸಿವಿಲ್, ಒಂದು ಕ್ರಿಮಿನಲ್.

ಇದನ್ನು ಭಾನುವಾರ ಮಾಡಲು ಬರುವುದಿಲ್ಲ. ಹನ್ನೊಂದಕ್ಕೆ ಸಿಟಿ ಸಿವಿಲ್ ಕೋರ್ಟಿನ ಒಂದು ಹಾಲ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತೀರಿ. ಸಾಕ್ಷಿಯ ಪಾಟೀಸವಾಲು ಇವತ್ತು ಎಂದು ಡೈರಿಯಲ್ಲಿ ಕೇಸ್ ನಂಬರ್ ಬರೆದು ಕಾಯುತ್ತೀರಿ. ಹನ್ನೆರಡೂವರೆಗೆ ಕೇಸ್ ಕೂಗುತ್ತಾರೆ. ಎದುರು ವಕೀಲರು ಮುದ್ದತು ಕೇಳುತ್ತಾರೆ. ಮುಂದಿನ ತಾರೀಖು ತಿಂಗಳ ನಂತರ. ಆ ದಿನ ನಿಮ್ಮ ಡೈರಿಯಲ್ಲಿ ಉಳಿಯುವುದು ಒಂದೇ ಸಾಲು. ವಕೀಲಿಕೆಯ ಬಗ್ಗೆ ನೂರು ಪುಟ ಓದಿದರೂ ತಿಳಿಯದ್ದು ಆ ಒಂದು ಸಾಲಿನಲ್ಲಿ ತಿಳಿಯುತ್ತದೆ, ಆ ಮಾತು ಬೇರೆ. ಆದರೆ ಅಂಥ ದಿನಗಳಿಗೆ ರಜೆ ಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ: ಎಲ್‌ಎಲ್‌ಬಿ ಯಾಕೆ ಬೇಕು?

ಕೋರ್ಟಿನಲ್ಲಿ ವಕೀಲಿಕೆ ಮಾಡಲು ಎಂದಾದರೆ, ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇದ್ದುಕೊಂಡು ವಕೀಲರಾಗಿ ಪ್ರಾಕ್ಟೀಸ್ ಮಾಡಲು ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ. ಸನ್ನದು ಪಡೆಯುವ ಹೊತ್ತಿಗೆ ಕೆಲಸ ಬಿಡಲೇಬೇಕು. ಜೊತೆಗೆ ವಕೀಲಿಕೆ ಮಾಡಲು ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ ಇದೆ. ನ್ಯಾಯಾಧೀಶರ ಪರೀಕ್ಷೆಗೆ ಎಂದಾದರೂ ಅಷ್ಟೇ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಕಿರಿಯ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ಪ್ರಾಕ್ಟೀಸ್ ಇರಬೇಕೆಂಬ ಹಳೆಯ ಷರತ್ತನ್ನು ಮತ್ತೆ ತಂದಿದೆ. ಹಾಗಾಗಿ ಕೆಲಸ ಬಿಡುವ ದಿನ ಹೇಗೂ ಬರುತ್ತದೆ. ಪ್ರಶ್ನೆ ಯಾವಾಗ ಎಂಬುದಷ್ಟೇ.

ಈಗಿನ ಕೆಲಸದಲ್ಲೇ ಮೇಲೇರಲು, ತೆರಿಗೆ, ಕಂಪನಿ ಕಾನೂನು, ಕರಾರುಗಳು ಅರ್ಥವಾಗಲು ಎಂದಾದರೆ ಎಲ್‌ಎಲ್‌ಬಿಯೇ ಆಗಬೇಕಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸರ್ಕಾರಿ ಸಂಸ್ಥೆ, ನೀವು ಕೇಳಿದ ಖಾಸಗಿ ಕಾಲೇಜಲ್ಲ, ನಿಜ. ಆದರೆ ಅಲ್ಲಿ ಉದ್ಯೋಗಸ್ಥರಿಗೆಂದೇ ದೂರದಿಂದ ಓದುವ ಮಾಸ್ಟರ್ ಆಫ್ ಬಿಸಿನೆಸ್ ಲಾಸ್ ಮತ್ತು ಕೆಲವು ಸ್ನಾತಕೋತ್ತರ ಡಿಪ್ಲೊಮಾಗಳಿವೆ. ಸನ್ನದು ಸಿಗುವುದಿಲ್ಲ, ವಿದ್ಯೆ ಸಿಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಇದನ್ನು ನೋಡುತ್ತಿದ್ದೆ.

ಇಲ್ಲ, ಕರಿ ಕೋಟೇ ಬೇಕು ಎನ್ನುವುದಾದರೆ ಮೊದಲು ನಿಮ್ಮ ಎಚ್‌ಆರ್ ಹತ್ತಿರ ಹೋಗಿ, ಮಧ್ಯಾಹ್ನದ ಶಿಫ್ಟ್ ಮತ್ತು ವರ್ಷಕ್ಕೆ ನಾಲ್ಕು ವಾರ ರಜೆ ಬರವಣಿಗೆಯಲ್ಲಿ ಕೇಳಿ. ಅದು ಸಿಕ್ಕ ಮೇಲೆ ಕಾಲೇಜಿಗೆ. ಅಲ್ಲಿ ಕಟ್ಟಡ ನೋಡಿ ಮರುಳಾಗಬೇಡಿ. ಈ ವರ್ಷಕ್ಕೆ ಅನ್ವಯಿಸುವ ಬಾರ್ ಕೌನ್ಸಿಲ್ ಅನುಮೋದನೆ ಪತ್ರ ತೋರಿಸಿ ಎನ್ನಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೋ, ಖಾಸಗಿ ವಿಶ್ವವಿದ್ಯಾಲಯದ್ದೋ ಕೇಳಿ, ಏಕೆಂದರೆ ಪರೀಕ್ಷೆ ನಡೆಸುವವರು, ಡಿಗ್ರಿ ಕೊಡುವವರು ಅವರೇ. ಹೋದ ಸೆಮಿಸ್ಟರ್‌ನ ಮೂರು ವರ್ಷದ ಬ್ಯಾಚಿನ ಟೈಮ್‌ಟೇಬಲ್ ಒಂದು ಫೋಟೊ ತೆಗೆದುಕೊಳ್ಳುತ್ತೇನೆ ಎನ್ನಿ. ಅದನ್ನು ತೋರಿಸಲು ಹಿಂದೆಮುಂದೆ ನೋಡಿದರೆ ಅರ್ಜಿ ಫಾರಂನ ದುಡ್ಡೂ ಕಟ್ಟಬೇಡಿ.