ಫೋಲಿಕ್ ಆಸಿಡ್: ಗಿರಣಿ ಕೇರಿಯಿಂದ ರೇಷನ್ ಅಕ್ಕಿಯವರೆಗೆ

ಫೋಲಿಕ್ ಆಸಿಡ್ ಅಂದರೆ ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಬಿ ವಿಟಮಿನ್ನಿನ ಕೃತಕ ರೂಪ. ಅದರ ಬಗ್ಗೆ ಈಗ ತಲೆಗೊಂದು ಮಾತು. ಅದು ಕೃತಕ, ದೇಹ ನೇರವಾಗಿ ಬಳಸುವ ರೂಪವಾದ ಮೀಥೈಲ್‌ಫೋಲೇಟ್ ತಗೊಳ್ಳಿ ಅನ್ನುವವರು ಒಬ್ಬರು. ಸೊಪ್ಪು ತಿಂದರೆ ಸಾಕು ಅನ್ನುವವರು ಇನ್ನೊಬ್ಬರು. ಅದನ್ನು ಬೆರೆಸಿದ ರೇಷನ್ ಅಕ್ಕಿಯನ್ನು ಪ್ಲಾಸ್ಟಿಕ್ ಎಂದು ಆರಿಸಿ ಎಸೆಯುವವರೂ ಇದ್ದಾರೆ.

ಫೋಲಿಕ್ ಆಸಿಡ್ ಕಥೆ ಶುರುವಾಗಿದ್ದು ಮುಂಬೈಯಲ್ಲಿ. ಬಟ್ಟೆ ಗಿರಣಿಗಳ ಬಸುರಿ ಹೆಂಗಸರಿಗೆ ವಿಪರೀತ ರಕ್ತಹೀನತೆ. ಕಾರಣ ಹುಡುಕಲು 1928ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಬಂದರು. ಕಬ್ಬಿಣ ಕಡಿಮೆಯಾದರೆ ಕೆಂಪು ರಕ್ತಕಣ ಸಣ್ಣದಾಗುತ್ತದೆ. ಇಲ್ಲಿ ಉಲ್ಟಾ, ಕಣಗಳು ದಪ್ಪಗಾಗಿದ್ದವು. ಸೋಂಕು ಇರಬಹುದೇ ಎಂದು ನೋಡಿದರು, ಸಿಗಲಿಲ್ಲ. ಆಮೇಲೆ ಅವರ ಊಟ ನೋಡಿದರು. ಅಂಥದ್ದೇ ಬಡ ಊಟ ಕೊಟ್ಟ ಮಂಗಗಳಿಗೂ ರಕ್ತ ಕಡಿಮೆಯಾಯಿತು. ಅವಕ್ಕೆ ಮಾರ್ಮೈಟ್ ತಿನ್ನಿಸಿದರು. ಬಿಯರ್ ಮಾಡಿ ಉಳಿದ ಯೀಸ್ಟಿನಿಂದ ತಯಾರಾಗುವ, ಬ್ರೆಡ್ಡಿಗೆ ಸವರುವ ಉಪ್ಪುಪ್ಪು ಕಪ್ಪು ಪೇಸ್ಟ್ ಅದು. ಮಂಗಗಳು ಚೇತರಿಸಿಕೊಂಡವು. ಹೆಂಗಸರೂ ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಇದನ್ನು ಬರೆದು ಪ್ರಕಟಿಸಿದಾಗ ಒಳಗಿರುವ ವಸ್ತು ಏನೆಂದು ಯಾರಿಗೂ ಗೊತ್ತಿರಲಿಲ್ಲ.

1941ರಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಆ ವಸ್ತುವನ್ನು, ಅಂದರೆ ಫೋಲಿಕ್ ಆಸಿಡ್ಡನ್ನು, ಬೇರ್ಪಡಿಸಿದರು. ಅದೇ ದಶಕದಲ್ಲಿ, ತೆಲುಗು ನಾಡಿನಿಂದ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅದನ್ನು ಲ್ಯಾಬ್‌ನಲ್ಲೇ ಮಾಡಿತು. ಜೀವಕೋಶ ಎರಡಾಗಬೇಕಾದರೆ ಹೊಸ ಡಿಎನ್ಎ ಬೇಕು, ಅದನ್ನು ಕಟ್ಟಲು ಫೋಲೇಟ್ ಬೇಕು. ಫೋಲೇಟ್ ಕೆಲಸ ತಡೆದರೆ ಕ್ಯಾನ್ಸರ್ ಕೋಶವೂ ಬೆಳೆಯಲಾರದು. ಮೆಥೋಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧಿ ಬಂದದ್ದು ಹಾಗೆ.

1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ (ಎಂಆರ್‌ಸಿ) ನಡೆಸಿದ ಪ್ರಯೋಗದ ಫಲಿತಾಂಶ ಬಂತು. ನರಕೊಳವೆಯ ದೋಷವಿದ್ದ ಮಗುವನ್ನು ಹಿಂದೊಮ್ಮೆ ಹೆತ್ತವರು ಗರ್ಭ ನಿಲ್ಲುವ ಮೊದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ತಗೊಂಡಾಗ, ಮತ್ತೆ ಆ ದೋಷ ಬರುವುದು 72% ತಗ್ಗಿತು. ಇಲ್ಲಿ ‘ಮೊದಲೇ’ ಅನ್ನುವುದರಲ್ಲೇ ಎಲ್ಲ ಇದೆ. ಮುಂದೆ ಮಿದುಳು, ಬೆನ್ನುಹುರಿ ಆಗುವ ಈ ಕೊಳವೆ ಗರ್ಭ ನಿಂತ ಸುಮಾರು 28 ದಿನಕ್ಕೆ ಮುಚ್ಚಿಬಿಡುತ್ತದೆ. ಅಷ್ಟರಲ್ಲಿ ಎಷ್ಟೋ ಮಂದಿಗೆ ಬಸುರಿ ಅಂತಲೇ ಗೊತ್ತಿರುವುದಿಲ್ಲ, ಅಲ್ವಾ?

ಅದಕ್ಕೇ ಅಮೆರಿಕ 1998ರಿಂದ ಹಿಟ್ಟಿಗೇ ಬೆರೆಸುವುದನ್ನು ಕಡ್ಡಾಯ ಮಾಡಿತು. ಪ್ರಯೋಗ ನಡೆಸಿದ ಬ್ರಿಟನ್ ಮಾತ್ರ ನಿರ್ಧಾರಕ್ಕೆ ಬಂದದ್ದು 2021ರಲ್ಲಿ! ಫೋಲಿಕ್ ಆಸಿಡ್ ರಕ್ತಹೀನತೆಯನ್ನಷ್ಟೇ ಸರಿಮಾಡಿ, ಅದರ ಹಿಂದಿನ ಬಿ12 ವಿಟಮಿನ್ ಕೊರತೆ ಮರೆಯಾಗಿ, ಒಳಗೊಳಗೇ ನರಕ್ಕೆ ಪೆಟ್ಟು ಬಿದ್ದೀತು ಎಂಬ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ 30 ವರ್ಷ ಜಾಸ್ತಿಯೇ ಆಯಿತು. ನಮ್ಮ ರೇಷನ್ ಅಕ್ಕಿಗೆ ಬೆರೆಸುವ ಯೋಜನೆಯಲ್ಲಿ ಫೋಲಿಕ್ ಆಸಿಡ್ ಜತೆ ಬಿ12 ಕೂಡ ಸೇರಿತ್ತು. ಇನ್ನು ಮೀಥೈಲ್‌ಫೋಲೇಟ್ ವಿಚಾರ: ದೊಡ್ಡ ಪ್ರಯೋಗಗಳಲ್ಲಿ ಈ ದೋಷ ತಡೆದು ತೋರಿಸಿದ್ದು ಬಡಪಾಯಿ ಫೋಲಿಕ್ ಆಸಿಡ್ಡೇ.

ಗರ್ಭಕ್ಕೆ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಎಂದು ನಮ್ಮ ಸರ್ಕಾರದ ಮಾರ್ಗಸೂಚಿಯಲ್ಲೂ ಇದೆ. ಆದರೆ ತಾಯಿ ಕಾರ್ಡ್ ಮಾಡಿಸಲು ಹೆಂಗಸರು ಬರುವುದು ಮುಟ್ಟು ನಿಂತ ಮೇಲೆ.