ಥಿಯಾಲಜಿ, ರಿಲಿಜಿಯಸ್ ಸ್ಟಡೀಸ್ ಎರಡೂ ಒಂದೇನಾ?

ಪ್ರಶ್ನೆ: ಮಗಳು ರಿಲಿಜಿಯಸ್ ಸ್ಟಡೀಸ್ ಓದುತ್ತೇನೆ ಅನ್ನುತ್ತಿದ್ದಾಳೆ. ಅದು ಪಾದ್ರಿಯಾಗುವವರ ಓದಲ್ವಾ?
– ಬದಿಯಡ್ಕದ ಓದುಗರೊಬ್ಬರು

ಅಲ್ಲ. ಪಾದ್ರಿಯಾಗಲು ಓದುವುದು ಥಿಯಾಲಜಿ. ಮಂಗಳೂರಿನ ಬಲ್ಮಠದಲ್ಲಿ ಅದಕ್ಕೇ ಕಾಲೇಜಿದೆ. ಕೆಲವರು ಥಿಯಾಲಜಿಯನ್ನು ‘ಧರ್ಮಶಾಸ್ತ್ರ’ ಅಂತ ಬರೆಯುತ್ತಾರೆ. ಓದಿದವರಿಗೆ ಮನುಸ್ಮೃತಿ ನೆನಪಾಗುತ್ತದೆ, ಗೊಂದಲ ಇನ್ನೂ ಜಾಸ್ತಿ!

ನಮ್ಮ ಕುಂಬಳೆ ಹತ್ತಿರದ ಆರಿಕ್ಕಾಡಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಭಗವತಿ ಕ್ಷೇತ್ರದಲ್ಲಿ ಆಲಿ ಭೂತ ಕಟ್ಟುತ್ತಾರೆ, ಅಂದರೆ ಆಲಿ ಎಂಬ ದೈವದ ವೇಷ ಧರಿಸಿ ಕುಣಿಯುತ್ತಾರೆ. ಕಥೆಯ ಪ್ರಕಾರ ಆಲಿ ಮಾಪಿಳ್ಳೆ (ಮಲಬಾರಿನ ಮುಸ್ಲಿಂ) ಮಂತ್ರವಾದಿ. ಹರಕೆ ಒಪ್ಪಿಸಲು ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ.

ಮುಸ್ಲಿಮರ ಧರ್ಮಗುರು ಮುಸ್ಲಿಯಾರರಿಗೆ ಇಲ್ಲಿ ಏಳುವ ಪ್ರಶ್ನೆ: ಇದು ನಮ್ಮ ದೀನಿಗೆ (ಧರ್ಮಕ್ಕೆ) ಒಪ್ಪುತ್ತದಾ? ವೇದಾಂತ ಓದಿದವರಿಗೆ: ಈ ಭೂತಕ್ಕೂ ಪರಮಾತ್ಮನಿಗೂ ಏನು ಸಂಬಂಧ? ಇಬ್ಬರೂ ತಮ್ಮ ನಂಬಿಕೆಯೊಳಗೆ ನಿಂತು, ಗ್ರಂಥ ಮತ್ತು ಗುರುಗಳ ಮಾತು ಹಿಡಿದು ಉತ್ತರ ಹುಡುಕುತ್ತಾರೆ. ಥಿಯಾಲಜಿಯ ದಾರಿ ಇದು.

ರಿಲಿಜಿಯಸ್ ಸ್ಟಡೀಸ್‌ನವರು ಕೇಳುವುದೇ ಬೇರೆ. ಆಲಿಯ ಕಥೆ ಯಾರ ಬಾಯಲ್ಲಿ ಹೇಗೆ ಬದಲಾಗುತ್ತದೆ? ಕಟ್ಟುವವರು ಯಾವ ಸಮುದಾಯದವರು? ಕೋಲದ ದಿನ ಯಾರು ಎಲ್ಲಿ ನಿಲ್ಲಬಹುದು? ಹರಕೆ ಹೊತ್ತ ಹೆಂಗಸು ಅದನ್ನು ಏನಂತ ತಿಳಿದಿದ್ದಾಳೆ? ಆಲಿಗೆ ನಿಜಕ್ಕೂ ಶಕ್ತಿ ಇದೆಯಾ ಅನ್ನುವ ತೀರ್ಪು ಅವರು ಕೊಡುವುದಿಲ್ಲ.

ಈ ಓದಿಗೆ ದಾರಿ ಹಾಕಿದವರಲ್ಲಿ ಜರ್ಮನ್ ಮೂಲದ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಒಬ್ಬರು. ಒಂದೇ ಧರ್ಮ ಬಲ್ಲವನು ಯಾವ ಧರ್ಮವನ್ನೂ ಬಲ್ಲವನಲ್ಲ ಎಂದು 1870ರಲ್ಲಿ ಲಂಡನ್ನಿನ ಉಪನ್ಯಾಸದಲ್ಲಿ ಹೇಳಿದ್ದರು. 1967ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ನಿನಿಯನ್ ಸ್ಮಾರ್ಟ್ ಇದಕ್ಕೆಂದೇ ವಿಭಾಗ ಕಟ್ಟಿದರು. ಇದೇ ವ್ಯತ್ಯಾಸ ನಮ್ಮ ಕಾನೂನಿನಲ್ಲೂ ಇದೆ. ನಮ್ಮ ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಬೇಡ ಅನ್ನುತ್ತದೆ. ಧರ್ಮಗಳ ಬಗ್ಗೆ ಕಲಿಸಲು ಅದು ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು.

ಹಾಗಂತ ಹೊರಗೆ ನಿಂತವರ ಕಣ್ಣು ಪೂರ್ತಿ ಸ್ವಚ್ಛ ಅಂತ ನಾನು ಒಪ್ಪುವುದಿಲ್ಲ. ಬರ್ನೆಲ್ ಪಾದ್ರಿಯಲ್ಲ, ಬ್ರಿಟಿಷ್ ಅಧಿಕಾರಿ. ಅವರು ಸಂಗ್ರಹಿಸಿದ ತುಳು ಪಾಡ್ದನಗಳು (ಭೂತಗಳ ಕಥೆ ಹೇಳುವ ಹಾಡುಗಳು) 1894ರಿಂದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾದವು. ತಲೆಬರಹ ಏನು ಗೊತ್ತಾ? ‘ತುಳುವರ ಪಿಶಾಚಿ ಆರಾಧನೆ’. ನಮ್ಮ ದೈವ ಅಲ್ಲಿ ಪಿಶಾಚಿಯಾಯಿತು. ಆ ಪದ ಬಂದದ್ದು ಇಗರ್ಜಿಯ ಭಾಷೆಯಿಂದಲೇ ಅಲ್ವಾ? ಇತ್ತ ಥಿಯಾಲಜಿ ಓದುವವರೂ ಇತಿಹಾಸ, ಹಳೆಯ ಭಾಷೆಗಳನ್ನು ಕಲಿಯುತ್ತಾರೆ. ಬೇಲಿ ಇದೆ, ದಾಟಲು ತಡಮೆಯೂ ಇದೆ.

ನಿಮ್ಮ ಮಗಳು ಇದನ್ನು ಓದಿದರೆ ದೇವರನ್ನು ಬಿಡಬೇಕಾಗಿಲ್ಲ. ಮಧೂರು ಗಣಪತಿ ದೇವಸ್ಥಾನಕ್ಕೆ ಹೋಗಲಿ, ಪ್ರಸಾದದ ಅಪ್ಪ ತಿನ್ನಲಿ. ಆ ಅಪ್ಪವನ್ನು ಯಾರು ಬೇಯಿಸುತ್ತಾರೆ, ಅವರೇ ಯಾಕೆ ಬೇಯಿಸಬೇಕು ಅಂತ ಮನೆಯಲ್ಲಿ ಕೇಳತೊಡಗುತ್ತಾಳೆ. ಅದಕ್ಕೆ ಮಾತ್ರ ತಯಾರಾಗಿರಿ.